ಎಡಗೈಯ ಗೀರು

ಸಿಹಿಗುಂಬಳವನ್ನು ಇಡಿಯಾಗಿ ಕೊಂಡರೆ ಹೋಳಿಗಿಂತ ಅರ್ಧಕ್ಕರ್ಧ ಅಗ್ಗ. ಹಾಗಿದ್ದೂ ನಾನು ವರ್ಷಗಟ್ಟಲೆ ಹೋಳಿಗೇ ದುಡ್ಡು ಸುರಿದೆ. ಇಡೀ ಕಾಯಿಗೆ ಹೆಂಗಸರು ಮೊದಲು ಕತ್ತಿ ಇಡಬಾರದೆಂಬುದು ನಮ್ಮ ಕಡೆಯ ಶಾಸ್ತ್ರ. ನಮ್ಮವರೋ ಬೆಳಗ್ಗೆ ಅಂಗಡಿಗೆ ಹೋದರೆ ಮನೆಗೆ ಬರುವಾಗ ಒಲೆ ಆರಿರುತ್ತಿತ್ತು.

ಆ ದಂಡ ತಪ್ಪಿಸಿದವರು ಕೆಳಗಿನ ಮನೆಯಲ್ಲಿದ್ದ ನಮ್ಮ ಓನರಮ್ಮ. ಅವರ ನಡುಬೆರಳು ಗೆಣ್ಣಿನ ಹತ್ತಿರ ಸೊಟ್ಟಗಿತ್ತು. ಬನಶಂಕರಿಯಲ್ಲಿ ತರಕಾರಿ ಗಾಡಿಯ ಮುಂದೆ ಬಗ್ಗಿ, ಆ ಬೆರಳಿನಿಂದ ಕಾಯಿ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಗಾಡಿಯವನು, "ಏನಂತೆ ಅಮ್ಮ ಅದು?" ಎಂದು ಕೆಣಕಿದರೆ, "ಇನ್ನೊಂಚೂರು ಕಮ್ಮಿ ಮಾಡು ಅಂತೈತೆ" ಎನ್ನುತ್ತಿದ್ದರು. ಚೌಕಾಸಿಯಲ್ಲಿ ನಾನು ಯಾರಿಗೂ ಸೋತವಳಲ್ಲ. ಅವರ ಪಕ್ಕದಲ್ಲಿ ಮಾತ್ರ ಚೀಲ ಹಿಡಿದು ಸುಮ್ಮನೆ ನಿಲ್ಲುತ್ತಿದ್ದೆ.

ಬಡಾವಣೆ ಆಗುವ ಮುಂಚೆ ಅಲ್ಲೇ ರಾಗಿ ಬೆಳೆದ ಮನೆತನ ಅವರದು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಗ ಬೇರೆ ಮನೆ ಮಾಡಿದ್ದ. ಶಾಸ್ತ್ರಕ್ಕೆ ಅವರು ಕಂಡುಕೊಂಡಿದ್ದ ದಾರಿ ಹೀಗೆ: ಕಾಯಿಯನ್ನು ಎದೆಯೆತ್ತರಕ್ಕೆ ಎತ್ತಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಟ್ಟುಬಿಡುವುದು. "ಕೈ ಜಾರ್ತು ಕಣವ್ವ. ತಾನಾಗೇ ಒಡೆದಿದ್ದಕ್ಕೆ ಯಾವ ಶಾಸ್ತ್ರ?"

ಆಮೇಲೆ ನಮ್ಮವರಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋದವು. ನುಂಗುವುದೂ ಕಷ್ಟವಾಯಿತು. ನೀರುನೀರಾದದ್ದು ಬೇಡ, ಕುಂಬಳಕಾಯಿ ಪ್ಯೂರಿಯಂಥದ್ದು ನುಣ್ಣಗೆ, ಗಟ್ಟಿಯಾಗಿ ಕೊಡಿ ಎಂದಿದ್ದರು ಆಸ್ಪತ್ರೆಯಲ್ಲಿ. ಹೋಳುಗಳನ್ನು ಕುಕ್ಕರಿನಲ್ಲಿ ಕೂಗಿಸಿ ಮಿಕ್ಸಿಗೆ ಹಾಕಿದರೆ ಗಂಜಿಯಾಗುತ್ತಿತ್ತು, ನೆತ್ತಿಗೇರಿ ಕೆಮ್ಮುತ್ತಿದ್ದರು. ಕೊನೆಗೆ ಬಾಯಿ ತೆರೆಯುವುದನ್ನೇ ಬಿಟ್ಟರು. ಹೀಗೇ ಆದರೆ ಮೂಗಿಗೆ ಟ್ಯೂಬು ಎಂದರು ಡಾಕ್ಟರು. ಅಂಗಡಿಯೂ ನನ್ನ ತಲೆಗೆ, ಹಾಸಿಗೆಯೂ ನನ್ನ ತಲೆಗೆ. ಉಣ್ಣಿ ಎಂದು ಬೇಡುವಷ್ಟು ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ.

ಓನರಮ್ಮ ಒಂದು ಇಡೀ ಕಾಯಿ ಹೊತ್ತು, ಮಂಡಿ ಹಿಡಿದುಕೊಂಡು ಮೇಲೆ ಬಂದರು. ಕೊಡಿ, ಕಲ್ಲಿನ ಮೇಲೆ ಹಾಕುತ್ತೇನೆ ಎಂದೆ. ಕೊಡಲಿಲ್ಲ. ಸ್ಟೂಲಿನ ಮೇಲೆ ನಮ್ಮವರ ಮುಂದಿಟ್ಟು ಚಾಕುವನ್ನು ಅವರ ಎಡಗೈಗೆ ಕೊಟ್ಟರು.

"ಮನೇಲಿ ಗಂಡಸು ಇರೋವಾಗ ನಾವು ಕತ್ತಿ ಇಡೋಕಾಯ್ತದಾ? ಒಂದು ಗೀರು ಹಾಕಪ್ಪ, ಮಿಕ್ಕಿದ್ದು ನಾವು ನೋಡ್ಕೋತೀವಿ."

"ಎಡಗೈ ಅಲ್ವಾಮ್ಮ" ಎಂದೆ.

"ಕುಂಬಳಕಾಯಿಗೇನ್ ಗೊತ್ತು, ಸುಮ್ನಿರು."

ಚಾಕು ಜಾರಿತು. ಮತ್ತೆ ಜಾರಿತು. ನಾವಿಬ್ಬರೂ ಮುಟ್ಟಲು ಹೋಗಲಿಲ್ಲ. ಕೊನೆಗೆ ಉಗುರಿನಲ್ಲಿ ಎಳೆದಂಥ ಒಂದು ಗೀರು ಬಿತ್ತು.

ಓನರಮ್ಮ ಕಾಯಿಯನ್ನು ಸೀಳಿ, ಸಿಪ್ಪೆ ಸಮೇತ ಇಡ್ಲಿ ಪಾತ್ರೆಯಲ್ಲಿ ಕವುಚಿ ಬೇಯಿಸಿದರು. ತಿರುಳನ್ನು ಚಮಚದಲ್ಲಿ ಕೆರೆದು ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿ ನೇತುಹಾಕಿದರು. ಇಳಿದ ನೀರು ಸಾರಿಗೆ ಹೋಯಿತು. ಮಿಕ್ಸಿ ಮುಟ್ಟದೆ, ಜರಡಿಯ ಮೇಲೆ ಸೌಟಿನ ಬೆನ್ನಿನಿಂದ ತಿಕ್ಕಿದರು. ಚಮಚ ಓರೆ ಮಾಡಿದರೂ ಜಾರಲಿಲ್ಲ. ನಮ್ಮವರು ಅದನ್ನೇ ನೋಡುತ್ತಿದ್ದರು. "ನಾ... ಕೊಯ್ದಿದ್ದು" ಎಂದು ತೊದಲಿ, ಬಾಯಿ ತೆರೆದರು. ಕೆಮ್ಮಲಿಲ್ಲ.

ಅಂದಿನಿಂದ ಓನರಮ್ಮ ತಮ್ಮ ಕಾಯಿಯನ್ನೂ ಕಲ್ಲಿನ ಮೇಲೆ ಬೀಳಿಸಲಿಲ್ಲ. ಆ ಮಂಡಿನೋವಿನಲ್ಲೇ ಮೆಟ್ಟಿಲು ಹತ್ತಿ, ಗೀರು ಹಾಕಿಸಿಕೊಂಡು ಇಳಿಯುತ್ತಿದ್ದರು.

ಹೋದ ವರ್ಷ ಅವರು ಹೋದರು. ತಿಥಿಯ ಅಡುಗೆಗೆ ದೊಡ್ಡ ಕಾಯಿ ಬಂದಿತ್ತು. ಅಡುಗೆಯವರು ಕತ್ತಿ ಎತ್ತುವ ಮುಂಚೆ ಓನರಮ್ಮನ ಮಗ ತಡೆದು, ಮೇಲಿನ ಮನೆ ಅಣ್ಣ ಬರಲಿ ಎಂದ. ಅಷ್ಟರಲ್ಲಿ ಎದ್ದು ಓಡಾಡುವಷ್ಟಾಗಿದ್ದ ನಮ್ಮವರು ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಅಷ್ಟು ಜನ ಕಾದರು.

ಅದಕ್ಕೇ ಹೇಳುತ್ತೇನೆ, ಇಡೀ ಕಾಯಿಯನ್ನೇ ಕೊಳ್ಳಿ. ತೊಟ್ಟು ಒಣಗಿರಲಿ, ತಟ್ಟಿದರೆ ಟೊಳ್ಳು ಸದ್ದು ಬರಲಿ. ನೀರಿನಲ್ಲಿ ಬೇಯಿಸಬೇಡಿ, ಹಬೆಯಲ್ಲಿ ಬೇಯಿಸಿ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ, ಗಂಡಸೋ ಹೆಂಗಸೋ, ಮೊದಲು ಕಾಯಿಯನ್ನು ಅವರ ಮುಂದಿಡಿ. ಗೀರು ಬೀಳಲು ಹೊತ್ತಾಗುತ್ತದೆ, ಕೈಯಿಂದ ಕಸಿದುಕೊಳ್ಳಬೇಡಿ. ನಿಮಗೂ ಸುಸ್ತಾಗಿರುತ್ತದೆ, ಗೊತ್ತು. ಅಷ್ಟು ಹೊತ್ತು ಪಕ್ಕದಲ್ಲಿ ಕೂತುಕೊಳ್ಳಿ.