ರಾದಿಶನ ತಂಗಿಯ ಸೇಬು

ನಮ್ಮ ಮೊರಾವಿತ್ಸಾ ಹೊಳೆಯ ಎರಡೂ ದಡದಲ್ಲಿ ಸೇಬು ಬೀಳದೆ ಮದುವೆ ಏಳುವುದಿಲ್ಲ. ಹೆಣ್ಣಿನ ಅಣ್ಣ ಅಂಗಳದ ಮರದ ತುದಿಗೆ ಸೇಬು ಕಟ್ಟುತ್ತಾನೆ, ಗಂಡು ಅದನ್ನು ಗುಂಡು ಹೊಡೆದು ಕೆಡವಬೇಕು. ಕೆಡವುವ ತನಕ ಹೆಣ್ಣು ಬಾಗಿಲು ಹಾಕಿದ ಕೋಣೆಯಲ್ಲಿ ಕೂತಿರಬೇಕು. ಆ ಸೇಬು ಒಡೆದು ಚೂರಾಗುವ ಗಳಿಗೆಯನ್ನು ಹಿಡಿಯುವುದರಲ್ಲಿ ಫೋಟೊದ ರಾದಿಶನನ್ನು ಮೀರಿಸಿದವನು ಹುಟ್ಟಿರಲಿಲ್ಲ.

ಅವನು ಯಾರ ಕೈಕೆಳಗೂ ಕಲಿತವನಲ್ಲ. ಸೈನ್ಯದ ಚಾಕರಿ ಮುಗಿಸಿ ಬರುವಾಗ ಹಳೆಯ ಕ್ಯಾಮೆರಾ ಒಂದನ್ನು ಕೊರಳಿಗೆ ಹಾಕಿಕೊಂಡು ಬಂದವನು, ಪೇಟೆಯಲ್ಲಿ ಗಡಿಯಾರದ ಅಂಗಡಿಯ ಪಕ್ಕ ಒಂದು ಕೋಣೆ ಹಿಡಿದ. ಅದರ ಗಾಜಿನ ಹಿಂದೆ ಹನ್ನೊಂದು ಮದುವೆಯ ಹನ್ನೊಂದು ಸೇಬಿನ ಫೋಟೊ ತೂಗುಹಾಕಿದ್ದ. ಒಂದೊಂದೂ ಗಾಳಿಯಲ್ಲಿ ಹೂವಿನ ಹಾಗೆ ಬಿರಿದದ್ದು. ಗುಟ್ಟೇನೆಂದು ಕೇಳಿದರೆ, ಸದ್ದು ಕೇಳಿ ಒತ್ತಿದರೆ ಸೇಬು ನೆಲದ ಮೇಲಿರುತ್ತದೆ, ಗಂಡಿನ ಪಕ್ಕದಲ್ಲೇ ನಿಂತು ಅವನ ಉಸಿರು ನಿಂತಾಗ ಒತ್ತಬೇಕು ಎನ್ನುತ್ತಿದ್ದ.

ಅವನ ತಂಗಿ ಸ್ಮಿಲ್ಯಾ ಅದೇ ಅಂಗಡಿಯಲ್ಲಿ ಕೂತು ಕಪ್ಪುಬಿಳುಪು ಫೋಟೊಗಳಿಗೆ ಸಣ್ಣ ಕುಂಚದಲ್ಲಿ ಬಣ್ಣ ಹಾಕುತ್ತಿದ್ದಳು. ಹನ್ನೊಂದೂ ಸೇಬಿಗೆ ಕೆಂಪು ಹಚ್ಚಿದವಳು ಅವಳೇ. ನಾಲಿಗೆ ಮಾತ್ರ ಕುಂಚಕ್ಕಿಂತ ಚೂಪು. ಗುಂಡಿ ಒತ್ತಿದ ಗಳಿಗೆಯಲ್ಲಿ ಕ್ಯಾಮೆರಾದ ಕಿಂಡಿ ಕತ್ತಲಾಗಿ ತೆಗೆಯುವವನಿಗೆ ಏನೂ ಕಾಣದೆಂದು ತಿಳಿದ ದಿನದಿಂದ, "ನಮ್ಮಣ್ಣ ಊರಿಗೆಲ್ಲ ಸೇಬು ತೋರಿಸ್ತಾನೆ, ತಾನು ಮಾತ್ರ ಒಂದು ಸೇಬು ಒಡೆದದ್ದೂ ನೋಡಿಲ್ಲ" ಎಂದು ಬಂದವರ ಮುಂದೆಲ್ಲ ಅವನ ಕಾಲೆಳೆಯುತ್ತಿದ್ದಳು.

ಅವಳು ಮನಸ್ಸು ಕೊಟ್ಟದ್ದು ಪಕ್ಕದ ಅಂಗಡಿಯ ವೆಲಿಮಿರನಿಗೆ. ಗಡಿಯಾರ ರಿಪೇರಿಯವನು, ಬಾಟಲಿ ತಳದಂಥ ಕನ್ನಡಕ. ಗೇಣಿನೊಳಗೆ ಇರುವೆಯ ಮೀಸೆಯನ್ನೂ ಎಣಿಸುವವನು, ಗೇಣಿನಾಚೆ ಎಮ್ಮೆ ನಿಂತಿದ್ದರೂ ನಮಸ್ಕಾರ ಹೇಳುವವನು. ಬಂದೂಕು ಹಿಡಿದವನೇ ಅಲ್ಲ.

ಮದುವೆ ಗೊತ್ತಾದಾಗ ಸ್ಮಿಲ್ಯಾ ಅಣ್ಣನಿಗೆ ಒಂದೇ ಮಾತು ಹೇಳಿದಳು. "ನನ್ನ ಸೇಬಿನ ಹಿಂದೆ ಕೊಂಬೆ, ಎಲೆ ಏನೂ ಇರಬಾರದು ಅಣ್ಣ. ಬಣ್ಣ ಹಾಕೋಕೆ ಬರೀ ಆಕಾಶ ಬೇಕು." ತಂಗಿ ಕೇಳಿದ್ದು ಆಕಾಶ, ಇವನು ಕೊಡದೆ ಬಿಟ್ಟಾನೆಯೇ? ಅಂಗಳದ ಭೂರ್ಜ ಮರವನ್ನು ತುದಿಯವರೆಗೂ ಹತ್ತಿ, ಅಲ್ಲಿಂದ ಮೇಲಕ್ಕೆ ಹುಲ್ಲಿನ ಮೆದೆಯ ಗಳುವನ್ನು ಬಿಗಿದು, ಆ ಗಳುವಿನ ನೆತ್ತಿಗೆ ಸೇಬು ಕಟ್ಟಿದ. ಕೆಳಗಿನಿಂದ ನೋಡಿದರೆ ನೆಲ್ಲಿಕಾಯಿಯಷ್ಟಿತ್ತು. ಅಪ್ಪ ತಾನಾಸಿಯೆ ಕತ್ತೆತ್ತಿ ನೋಡಿ, ಇದನ್ನು ಕೆಡವಲು ಗಂಡು ಸಾಲದು, ಗರುಡ ಬೇಕು ಎಂದು ಗೊಣಗಿದ. ಒಮ್ಮೆ ಕಟ್ಟಿದ ಸೇಬನ್ನು ಇಳಿಸುವ ಹಾಗಿಲ್ಲ.

ಅಕ್ಟೋಬರಿನ ಆ ಭಾನುವಾರ ನಾನು ಕಹಳೆ ಮೇಳದಲ್ಲಿ ಡೋಲು ಬಾರಿಸುತ್ತಿದ್ದೆ. ಗಂಡಿನ ದಿಬ್ಬಣ ಹತ್ತೂವರೆಗೆ ಬಂತು. ಎರಡು ಗಂಟೆಗೆ ಚರ್ಚಿನಲ್ಲಿ ಇರಬೇಕು, ತಪ್ಪಿದರೆ ಪಾದ್ರಿ ಇನ್ನೊಂದೂರಿಗೆ ಹೊರಟುಬಿಡುತ್ತಾನೆ, ಆಮೇಲೆ ಮದುವೆ ಮುಂದಿನ ವಾರಕ್ಕೆ. ಎಲ್ಲರಿಗೂ ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾ ಹಂಚಿದರು. ರಾದಿಶ ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಉದ್ದ ಮಸೂರದ ಕ್ಯಾಮೆರಾ ಕೂರಿಸಿ ವೆಲಿಮಿರನ ಪಕ್ಕ ನಿಂತ.

"ಕಾಣ್ತದೇನೋ?" ಎಂದ.

"ಏನೋ ಕೆಂಪಗೆ ಕಾಣ್ತದೆ, ಭಾವ."

"ಅದು ನಮ್ಮತ್ತೆಯ ತಲೆವಸ್ತ್ರ. ಇನ್ನೂ ಮೇಲೆ ನೋಡು."

ಮೊದಲ ಗುಂಡು ಹಾರಿತು. ನಾವು ಅಭ್ಯಾಸಬಲದಿಂದ ಗೆಲುವಿನ ವಾದ್ಯ ಊದಿಬಿಟ್ಟೆವು. ಸೇಬು ಕೂದಲೂ ಕೊಂಕದೆ ತೂಗುತ್ತಿತ್ತು. ನಾಲ್ಕನೆಯ ಗುಂಡಿಗೆ ಕಾಗೆಗಳು ಬೆಟ್ಟದಾಚೆ ಹೋದವು. ಎಂಟನೆಯದಕ್ಕೆ ಅದೇ ಕಾಗೆಗಳು, ಇವನಿಂದ ಅಪಾಯವಿಲ್ಲವೆಂದು ಮರಳಿ ಬಂದು ಮರದ ಮೇಲೆಯೇ ಕೂತವು. ಪ್ರತಿಸಲವೂ ವೆಲಿಮಿರನ ಉಸಿರು ನಿಂತೊಡನೆ ರಾದಿಶ ಗುಂಡಿ ಒತ್ತುತ್ತಿದ್ದ. ಒಡೆಯದ ಸೇಬಿನ ಫೋಟೊ ಒಂದರ ಮೇಲೊಂದು ಏರಿದವು.

ಸ್ಮಿಲ್ಯಾ ಒಳಗಿನಿಂದ ಅಪ್ಪನ ತಂಗಿ ಯೆಲಿತ್ಸಾ ಅತ್ತೆಯ ಕೈಯಲ್ಲಿ ಸುದ್ದಿ ಕಳಿಸತೊಡಗಿದಳು. ಮೊದಲು ಬಂದದ್ದು, ಅವಸರವೇನಿಲ್ಲ ಎಂದು ವೆಲಿಮಿರನಿಗೆ ಹೇಳಿ ಎಂಬ ಮಾತು. ಹತ್ತು ಗುಂಡಿನ ಮೇಲೆ, ಅಷ್ಟೆತ್ತರಕ್ಕೆ ಕಟ್ಟಿದ ಕೋತಿ ಯಾವುದೆಂದು ಕೇಳಿ ಕಳಿಸಿದಳು. ಆಕಾಶ ಕೇಳಿದವರು ಯಾರೆಂದು ಅಣ್ಣ ತಿರುಗಿ ಕೇಳಿ ಕಳಿಸಿದ. ಉತ್ತರವಾಗಿ ಕಿಟಕಿಯ ಸಂದಿಯಿಂದ ಮದುವೆಯ ಬಿಳಿ ಚಪ್ಪಲಿಯೊಂದು ಹಾರಿಬಂದು ನಮ್ಮ ದೊಡ್ಡ ಕಹಳೆಯ ಬಾಯೊಳಗೆ ಕೂತಿತು. ಮದುವೆ ಮನೆಯಲ್ಲಿ ಅಲ್ಲಿಯವರೆಗೆ ಗುರಿ ಮುಟ್ಟಿದ್ದು ಅದೊಂದೇ. ಜನ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತರು.

ಮೂವತ್ತೈದು ಗುಂಡು ಮುಗಿಯುವಾಗ ಒಂದು ಗಂಟೆ ದಾಟಿತ್ತು. ವೆಲಿಮಿರನ ತೋಳು ಸೋತು ನಳಿಗೆ ಮೇಲೆ ಕೆಳಗೆ ಆಡುತ್ತಿತ್ತು. "ಗಡಿಯಾರದ ಮುಳ್ಳು ಎತ್ತೋ ಕೈ ಭಾವ ಇದು. ಈ ಕಬ್ಬಿಣ ನಿಲ್ಲೋದೇ ಇಲ್ಲ," ಎಂದ. ನಗುತ್ತಲೇ ಅಂದ, ಆದರೆ ಕನ್ನಡಕ ಒದ್ದೆಯಾಗಿತ್ತು.

ರಾದಿಶನ ರೀಲಿನಲ್ಲಿ ಉಳಿದದ್ದು ಒಂದೇ ಫೋಟೊ. ಅವನು ಒಮ್ಮೆ ಸೇಬನ್ನು ನೋಡಿದ, ಒಮ್ಮೆ ಮುಚ್ಚಿದ ಕಿಟಕಿಯನ್ನು ನೋಡಿದ. ಆಮೇಲೆ ತಿರುಪು ಬಿಚ್ಚಿ, ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು, ಖಾಲಿ ಸ್ಟ್ಯಾಂಡಿನ ತಲೆಯ ಮೇಲೆ ಬಂದೂಕಿನ ನಳಿಗೆಯನ್ನು ಮಲಗಿಸಿದ.

ಸ್ಟ್ಯಾಂಡನ್ನು ನಾನು ಹಿಡಿಯುತ್ತೇನೆಂದು ಡೋಲು ಕೆಳಗಿಟ್ಟೆ. ಸ್ಟ್ಯಾಂಡಿನ ಒಂದು ಕಾಲು ಮುರುಕು, ಅದರ ಹಟ ಗೊತ್ತಿರುವುದು ತನ್ನ ಮಂಡಿಗೆ ಮಾತ್ರ ಎಂದು ರಾದಿಶನೇ ಮಂಡಿಯೂರಿ, ಎರಡೂ ಕೈಯಲ್ಲಿ ಅದನ್ನು ಅವುಚಿಕೊಂಡ. ಫೋಟೊ ತೆಗೆಯಲು ಮೂರನೆಯ ಕೈ ಇರಲಿಲ್ಲ.

ಯೆಲಿತ್ಸಾ ಅತ್ತೆ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು. "ಹೆಣ್ಣಿನ ಕಡೆಯವನಾಗಿ ಗಂಡಿನ ಬಂದೂಕು ಹೊರ್ತೀಯಲ್ಲೋ, ನಾಚಿಕೆ ಆಗಲ್ವಾ?"

ತಾನಾಸಿಯೆ ಎದ್ದ. "ಬಂದೂಕು ಅವನದು, ಬೆರಳು ಅವನದು, ಕಣ್ಣು ಇದ್ದಷ್ಟು ಅವನದೇ. ಮೂರು ಕಾಲು ನಮ್ಮ ಮನೆಯದು, ಅಷ್ಟೇ. ಒಳಗೆ ಹಂದಿಮರಿಯ ಹುರಿದ ಮಾಂಸ ಆರಿಹೋಗ್ತಾ ಇದೆ. ಸುಮ್ನಿರು ತಂಗಿ."

ವೆಲಿಮಿರ ಕನ್ನಡಕ ಒರೆಸಿ, ನೀಲಿಯ ನಡುವಿನ ಕೆಂಪು ಚುಕ್ಕೆಗೆ ಕಣ್ಣಿಟ್ಟು ಬಾಗಿದ. ಬಂದೂಕು ನಿಶ್ಚಲವಾದದ್ದೇ ತಡ, ಅವನ ಮುಖದ ಬಣ್ಣವೇ ಬದಲಾಯಿತು. "ಈಗ ಇದು ನನ್ನ ಮೇಜಿನ ಮೇಲೆ ಇದ್ದಂಗಾಯ್ತು," ಎಂದು ನಳಿಗೆಯನ್ನು ಗಡಿಯಾರದ ಮುಳ್ಳು ಸರಿಸುವಂತೆ ಎಳ್ಳಷ್ಟು ಬಲಕ್ಕೆ, ಎಳ್ಳಷ್ಟು ಮೇಲಕ್ಕೆ ಸರಿಸಿದ. ಉಸಿರು ನಿಂತಿತು. ರಾದಿಶನ ಬೆರಳು ಅಭ್ಯಾಸದಿಂದ ತುಡಿಯಿತು, ಕೈ ಮಾತ್ರ ಸ್ಟ್ಯಾಂಡನ್ನು ಬಿಡಲಿಲ್ಲ.

ಸೇಬು ಬಿರಿಯಿತು. ನೀಲಿಯ ನಡುವೆ ಬೆಳ್ಳಗೆ, ಎಂಟು ದಿಕ್ಕಿಗೂ. ರಾದಿಶ ಬಾಯಿ ತೆರೆದುಕೊಂಡು, ಎರಡೂ ಕಣ್ಣಿಂದ ನೋಡಿದ. ಒಂದು ಚೂರು ಅವನ ಹಣೆಗೆ ಬಂದು ಅಂಟಿತು.

ನಾವು ವಾದ್ಯ ಎತ್ತುವ ಮೊದಲೇ ಬಾಗಿಲು ಬಡಿಯಿತು. ಕರೆತರಲು ಯಾರಾದರೂ ಬರಲೆಂದು ಕಾಯುವ ತಾಳ್ಮೆ ಸ್ಮಿಲ್ಯಾಳಿಗೆ ಎಲ್ಲಿ? ಒಂದು ಕಾಲಿಗೆ ಚಪ್ಪಲಿ, ಒಂದು ಬರಿಗಾಲು, ಕೋಳಿಗಳನ್ನೆಲ್ಲ ಚದುರಿಸುತ್ತ ಓಡಿಬಂದಳು. ಅವಳು ಗಂಡಿನ ಕೊರಳಿಗೆ ಬೀಳುವ ಮುನ್ನ ರಾದಿಶ ಕ್ಯಾಮೆರಾ ಎತ್ತಿ ಕೊನೆಯ ಫೋಟೊ ಒತ್ತಿದ. ದೂರದ ಸೇಬಿಗೆಂದು ಹಾಕಿದ ಮಸೂರ, ಅವಳೋ ಮೂಗಿನ ಹತ್ತಿರ ಬಂದಿದ್ದಳು.

ಚರ್ಚಿಗೆ ಎರಡು ಗಂಟೆಗೆ ಐದು ನಿಮಿಷ ಇರುವಾಗ ತಲುಪಿದೆವು. ಚಪ್ಪಲಿಯನ್ನು ಕಹಳೆಯಿಂದ ತೆಗೆಯಲಾಗದೆ, ಹೆಣ್ಣು ಒಂದು ಬರಿಗಾಲಲ್ಲೇ ಹೆಂಡತಿಯಾದಳು.

ಆ ಕೊನೆಯ ಫೋಟೊದಲ್ಲಿ ಮಸುಕು ಮಸುಕಾದ ಒಂದು ನಗುವ ಬಾಯಿ, ಒಂದು ಓಲೆ, ಅರ್ಧ ಕೆನ್ನೆ. ಸ್ಮಿಲ್ಯಾ ತನ್ನ ಸೇಬಿಗೆಂದು ಅರೆದಿಟ್ಟಿದ್ದ ಕೆಂಪನ್ನೆಲ್ಲ ಆ ಕೆನ್ನೆಗೇ ಹಚ್ಚಿದಳು. ರಾದಿಶ ಅದನ್ನು ಹನ್ನೊಂದು ಸೇಬುಗಳ ಸಾಲಿನಲ್ಲಿ ಹನ್ನೆರಡನೆಯದಾಗಿ ತೂಗುಹಾಕಿದ. ತಂಗಿಯ ಸೇಬು ಎಲ್ಲಿ, ತಪ್ಪಿತೇ ಎಂದು ಯಾರಾದರೂ ಕೆಣಕಿದರೆ, "ಅದನ್ನ ನಾನು ಕಣ್ಣಾರೆ ನೋಡ್ಕೊಂಡೆ," ಎಂದಷ್ಟೇ ಹೇಳುತ್ತಿದ್ದ.

ಪಕ್ಕದ ಅಂಗಡಿಯಲ್ಲಿ ವೆಲಿಮಿರ ತನ್ನ ಗಡಿಯಾರಗಳ ನಡುವೆ ಇನ್ನೊಂದು ಫೋಟೊ ಹಾಕಿಕೊಂಡಿದ್ದ. ಅದರಲ್ಲಿ ಆಕಾಶ, ಗಳು, ಇಡಿಯಾಗಿ ತೂಗುವ ಸೇಬು. ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದ, "ಇದು ಹತ್ತೊಂಬತ್ತನೇ ಗುಂಡು. ಬಹಳ ಹತ್ತಿರ ಹೋಗಿತ್ತು."