ಕೆಂಪು ಬಾಳೆಯೂ ಕರಿಹಲಗೆಯ ಬಾಣಗಳೂ

ಇವತ್ತು ಸಂಜೆ ಬ್ಲೌಸ್ ಪೀಸ್ ತರಲೆಂದು ನಮ್ಮೂರ ಪೇಟೆಬೀದಿ ಸೂಪರ್ ಮಾರ್ಕೆಟ್‌ಗೆ ಹೋಗಿದ್ದೆ. ಆಟೋಗಳ ಹೊಗೆಯನ್ನು ದಾಟಿಕೊಂಡು ಒಂದು ತಳ್ಳುಗಾಡಿಯಿಂದ ಕೆಂಪು ಬಾಳೆಹಣ್ಣಿನ ವಾಸನೆ ಬಂತು. ಕಮಲಾಪುರದ ಹಣ್ಣು. ಅದರ ಘಮ ಹೇಳಿದರೆ ತಿಳಿಯುವಂಥದ್ದಲ್ಲ, ನೀವು ತಿಂದೇ ನೋಡಬೇಕು. ಈ ಹಣ್ಣಿನ ಮುಂದೆ ನಾನು ತಲೆ ತಗ್ಗಿಸಿ ನಿಂತ ದಿನವೊಂದಿತ್ತು. ಬ್ಲೌಸ್ ಪೀಸ್ ಹೇಗೂ ಮರೆತೆ, ಆ ಕಥೆಯನ್ನಾದರೂ ಹೇಳಿಬಿಡುತ್ತೇನೆ.

ನಾನು ನಗರದ ಬ್ರಹ್ಮಪುರ ಬಡಾವಣೆಯ ಮನೆಯಿಂದ ಕಮಲಾಪುರದ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಟೀಚರು. ಸೀಟು ಸಿಕ್ಕಿತೆಂದರೆ ಕೈಯಲ್ಲಿ ಫೋನು. ಬೆಳ್ಳುಳ್ಳಿಗೆ ಮಂಡಿನೋವು ಓಡುತ್ತದೆ, ಇಂಥ ಎಣ್ಣೆಗೆ ಕೂದಲು ಮೊಳೆಯುತ್ತದೆ, ಹೀಗೆ ಬಂದದ್ದನ್ನೆಲ್ಲ ಪಾಲಕರ ಗ್ರೂಪಿಗೆ ದಾಟಿಸುವುದನ್ನು ಸಮಾಜಸೇವೆ ಎಂದೇ ತಿಳಿದಿದ್ದೆ. ಪೂರ್ತಿ ನೋಡಿ ಕಳಿಸುತ್ತಿದ್ದೆನೇ ಎಂದು ಕೇಳಬೇಡಿ. ರಸ್ತೆ ಬಹಳ ಕೆಟ್ಟಿತ್ತು.

ಅಂಥವಳ ಪಾಲಿಗೇ, ಎರಡು ವರ್ಷದ ಹಿಂದೆ, ಫೋನಿನಲ್ಲಿ ಬಂದದ್ದನ್ನು ಪರೀಕ್ಷಿಸಿ ನಂಬುವುದು ಹೇಗೆಂದು ಎಂಟನೆಯ ತರಗತಿಗೆ ಕಲಿಸುವ ಕೆಲಸ ಬಂತು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎನ್ನುತ್ತಾರಲ್ಲ, ಹಾಗೆ. "ಮೊದಲು ಮೂಲ ಹುಡುಕಬೇಕು" ಎಂದು ಗಂಭೀರವಾಗಿ ಶುರುಮಾಡಿದೆ. ಮುಂದಿನ ಸಾಲಿನ ಗೌತಮಿ ಎದ್ದುನಿಂತಳು. ಅವಳವ್ವ ಶಾಂತಾಬಾಯಿ ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟುಕೊಂಡು ಕೆಂಪು ಬಾಳೆ ಮಾರುವವಳು.

"ಟೀಚರ್, ಕೆಂಪು ಬಾಳಿಗಿ ಸೂಜಿಲೆ ಬಣ್ಣ ಹಾಕ್ತಾರಂತ ವಿಡಿಯೋ ಬಂದದರಿ. ಒಂದ್ ವಾರ ಆತು, ಅವ್ವನ ಹಣ್ಣು ಯಾರೂ ತಗೊಳ್ಳಾಕತ್ತಿಲ್ರಿ. ಹಿಂಗೇ ಆದ್ರ ಸಾಲಿ ಬಿಡಿಸಿ ನನ್ನೂ ಕೂಲಿಗಿ ಕರ್ಕೊಂಡು ಹೋಗ್ತೀನಂತಾಳ್ರಿ."

ಇಂಥದೊಂದು ನನ್ನ ಫೋನಿಗೂ ಬಂದ ನೆನಪು ಮಸುಕಾಗಿತ್ತು. "ಹಾಗಾದರೆ ಇದರ ಮೂಲವನ್ನೇ ಹುಡುಕೋಣ" ಎಂದು ಗತ್ತಿನಿಂದ ಅಪ್ಪಣೆ ಕೊಟ್ಟೆ.

ಮಕ್ಕಳು ಮನೆಮನೆಯಲ್ಲಿ ಕೇಳಿಬಂದರು. ಯಾರಿಂದ ಯಾರಿಗೆ ಬಂತೆಂದು ಮರುದಿನ ಕರಿಹಲಗೆಯ ಮೇಲೆ ಹೆಸರು ಬರೆದು ಬಾಣ ಎಳೆದರು. ಮಾವ, ಕಾಕಾ, ಕಿರಾಣಿ ಅಂಗಡಿಯವನು, ಎಲ್ಲರ ಬಾಣಗಳೂ ಪಾಲಕರ ಗ್ರೂಪಿಗೆ ಬಂದು ಕೂಡಿಕೊಂಡವು. ಗೌತಮಿಯ ಸೀಮೆಸುಣ್ಣ ಅಲ್ಲಿ ನಿಂತಿತು.

"ಇಲ್ಲಿಗಿ ಯಾರು ಹಾಕ್ಯಾರಂತ ಗೊತ್ತದರಿ. ಬರೀಲೇನ್ರಿ?"

"ಬರಿ" ಎಂದೆ. ಅವಳು ‘ಟೀಚರ್’ ಎಂದು ಬರೆದಳು. ಹಿಂದಿನಿಂದ ಒಬ್ಬ, "ಟೀಚರೇ ಕಳಿಸ್ಯಾರಂದ್ರ ಸುಳ್ಳು ಹ್ಯಾಂಗ ಇರ್ತದ ಅಂತ ನಮ್ಮಪ್ಪ ಮಂದಿಗೆಲ್ಲ ಕಳಿಸ್ಯಾನ್ರಿ" ಎಂದ. ನನಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಒಂದು ಹುಡುಗಿಯ ಓದಿಗೆ ನಾನೇ ಕಲ್ಲು ಹಾಕಿದ್ದೆ.

ಆದರೆ ಗೌತಮಿಗೆ ನನ್ನ ನಾಚಿಕೆ ಬೇಕಿರಲಿಲ್ಲ, ಮುಂದಿನ ಬಾಣ ಬೇಕಿತ್ತು. "ನಿಮಗ ಯಾರು ಕಳಿಸ್ಯಾರ್ರಿ?" ಎಂದಳು. ಸೊಲ್ಲಾಪುರದ ನಾದಿನಿಗೆ ಫೋನು ಹಚ್ಚಿದೆ. "ಯಾರೋ ಕಳಿಸಿದ್ರು ವೈನಿ, ನಾನೂ ಕಳಿಸ್ದೆ" ಎಂದಳು. ದಾರಿ ಅಲ್ಲಿಗೆ ಮುಗಿಯಿತು. ಸರಿ, ವಿಡಿಯೋವನ್ನೇ ಕೊನೆಯವರೆಗೆ ನೋಡೋಣವೆಂದು ಹಚ್ಚಿದೆವು. ಅಂಗಡಿಯ ಬೋರ್ಡು ನಮ್ಮಲ್ಲಿ ಯಾರಿಗೂ ಓದಲು ಬಾರದ ಲಿಪಿಯಲ್ಲಿತ್ತು. ಸೂಜಿ ಚುಚ್ಚಿದ್ದು ಕಲ್ಲಂಗಡಿಗೆ. ಕೆಂಪು ಬಾಳೆ ಎಂಬುದು ಕೊನೆಯಲ್ಲಿ ಅಂಟಿಸಿದ ಒಂದು ಫೋಟೋ ಅಷ್ಟೇ. ನಾನೂ ಸೇರಿ ಊರಿಗೆ ಊರೇ ವಿಡಿಯೋದ ಮೇಲೆ ಬರೆದ ಸಾಲನ್ನಷ್ಟೇ ಓದಿ ಕಳಿಸಿಬಿಟ್ಟಿತ್ತು.

ಅಷ್ಟಕ್ಕೇ ಬಿಡುವ ಮಕ್ಕಳಲ್ಲ ಅವರು. ಸುಳ್ಳು ಎನ್ನುವುದಕ್ಕೂ ಪುರಾವೆ ಬೇಕೆಂದು ನನ್ನನ್ನು ಶಾಂತಾಬಾಯಿ ಹಣ್ಣು ತರುವ ತೋಟಕ್ಕೆ ಎಳೆದುಕೊಂಡು ಹೋದರು. ಬಾಳೆಯ ದಿಂಡೇ ಕೆಂಪು, ಗೊನೆಯಲ್ಲಿದ್ದ ಎಳೆಕಾಯಿಯೂ ಕೆಂಪು. ಒದ್ದೆ ಬಟ್ಟೆಯಿಂದ ಸಿಪ್ಪೆ ಉಜ್ಜಿದರೆ ಬಣ್ಣ ಹತ್ತಲಿಲ್ಲ. ಇದೆಲ್ಲವನ್ನೂ ಮಕ್ಕಳು ನನ್ನ ಫೋನಿನಲ್ಲಿ ವಿಡಿಯೋ ಮಾಡಿದರು. ಶಾಂತಾಬಾಯಿ ಹಣ್ಣು ಸುಲಿದು ಫೋನಿನ ಮುಂದೆ ಹಿಡಿದು, "ಬಣ್ಣ ನಾ ಹಾಕಿಲ್ರಿ, ಗಿಡಾನೇ ಹಾಕ್ಯದ" ಎಂದಳು. ವಿಡಿಯೋದ ಮೊದಲಿಗೆ ನನ್ನ ಮಾತೂ ಇರಬೇಕೆಂದು ಗೌತಮಿಯ ಹಟ. "ಸುಳ್ಳು ನಿಮ್ಮ ಹೆಸರಿಲೇ ಹೋಗ್ಯದರಿ, ಖರೇನೂ ನಿಮ್ಮ ಹೆಸರಿಲೇ ಹೋಗ್ಲಿ" ಎಂದಳು. ‘ನೋಡದೆ ಕಳಿಸಿದವಳು ನಾನೇ, ತಪ್ಪು ನನ್ನದೇ’ ಎಂದು ಹೇಳಿದೆ. ಕರಿಹಲಗೆಯ ಒಂದೊಂದು ಬಾಣದ ದಾರಿ ಹಿಡಿದು ಆ ವಿಡಿಯೋ ಮನೆಮನೆಗೆ ಹೋಯಿತು.

ನಾಲ್ಕನೆಯ ದಿನ ಬಸ್ಸಿಳಿದಾಗ ಶಾಂತಾಬಾಯಿಯ ಬುಟ್ಟಿಯ ಸುತ್ತ ಜನ. ಸಂಜೆ ನಾನು ಕೊಳ್ಳಲು ಹೋದರೆ ಬುಟ್ಟಿ ಬೋರಲು. "ಒಂದೂ ಉಳಿದಿಲ್ರಿ ಟೀಚರ್, ನಾಳಿಗಿ ಬರ್ರಿ" ಎಂದು ನಕ್ಕಳು. ಕೂಲಿಯ ಮಾತು ಮತ್ತೆ ಬರಲಿಲ್ಲ. ಗೌತಮಿ ಈಗ ಹತ್ತನೆಯ ತರಗತಿ.

ಇವತ್ತು ಹಣ್ಣು ಹಿಡಿದು ಮನೆ ಸೇರುವಷ್ಟರಲ್ಲಿ ಹೆಡ್ ಮಾಸ್ತರರ ಫೋನು ಬಂತು. ಮಳೆ ಜೋರಾಗಲಿದೆಯಂತೆ, ನಾಳೆ ರಜೆ. ಗ್ರೂಪಿಗೆ ಬರೆದು ಹಾಕಿದೆ. ರಜೆ ಎಂದರೆ ಯಾವ ಕಾಲದ ಮಕ್ಕಳಾದರೂ ಕುಣಿಯಬೇಕಲ್ಲವೇ? ಇವರು ಕುಣಿಯಲಿಲ್ಲ, ಮನೆಯವರ ಫೋನಿನಿಂದ ಒಬ್ಬೊಬ್ಬರಾಗಿ ಕೇಳತೊಡಗಿದರು. ‘ಯಾರು ಹೇಳ್ಯಾರ್ರಿ?’ ‘ಆದೇಶದ ಪ್ರತಿ ಹಾಕ್ರಿ ಟೀಚರ್.’ ಗೌತಮಿಯದು ಕೊನೆಗೆ ಬಂತು: ‘ತಾರೀಖು ಈ ವರ್ಷದ್ದೇ ಏನ್ರಿ?’

ಪ್ರತಿ ಕಳಿಸಿರೆಂದು ಹೆಡ್ ಮಾಸ್ತರರಿಗೆ ತಿರುಗಿ ಫೋನು ಮಾಡಿದೆ. "ರಜಾಕ್ಕೂ ಪುರಾವೆ ಕೇಳೋ ಹುಡುಗ್ರನ್ನ ಎಲ್ಲಿ ತಯಾರ ಮಾಡೀರಿ?" ಎಂದು ರೇಗಿದರು.

"ನಮ್ಮ ಸಾಲ್ಯಾಗೇರಿ ಸರ್" ಎಂದೆ. ಇಷ್ಟು ವರ್ಷದ ನೌಕರಿಯಲ್ಲಿ, ನನ್ನ ಮಾತನ್ನು ಯಾರೂ ನಂಬಲಿಲ್ಲವೆಂದು ನಾನು ಹಿಗ್ಗಿದ್ದು ಇದೇ ಮೊದಲು.