ಶೈಲಾಳ ಪಿಕಪ್ ಕೆಸರಿನಿಂದ ಎದ್ದ ದಿನ

ಇಂಥ ಅನುಭವಗಳನ್ನು ಯಾರಾದರೂ ಹೇಳಿಕೊಂಡರೆ ನಾನು ಮರ್ಯಾದೆಗೆ ತಲೆಯಾಡಿಸಿ ಒಳಗೊಳಗೇ ನಗುತ್ತಿದ್ದೆ. ವಾಹನ ಅಪಘಾತಗಳ ವಿಮಾ ಕ್ಲೇಮು ಪರಿಶೀಲಿಸುವುದು ನನ್ನ ಕೆಲಸವಾಗಿತ್ತು. ಟೈರಿನ ಗುರುತು ನೋಡಿಯೇ ಗಾಡಿ ಎತ್ತ ಹೋಯಿತು, ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ತಿಳಿಯಬಲ್ಲೆನೆಂಬ ಹೆಮ್ಮೆ ನನಗಿತ್ತು. ಈಗ ನಾನು ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ಅಷ್ಟೆ.

ನನ್ನ ಹೆಂಡತಿ ಶೈಲಾ ಉಡುಪಿ ಕಡೆಯವಳು. ಅವಳ ತಂದೆ ಸಾಂತಾಕ್ರೂಜಿನಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದರು. ತರಕಾರಿ ತರಲೆಂದು ಅವರು ಒಬ್ಬ ಕಂಟ್ರಾಕ್ಟರನಿಂದ ಕೊಂಡಿದ್ದ ನಾಲ್ಕೂ ಚಕ್ರ ಎಳೆಯುವ ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್ಪಿನಲ್ಲೇ ಶೈಲಾ ಡ್ರೈವಿಂಗ್ ಕಲಿತದ್ದು. ಅವರು ತೀರಿಕೊಂಡು ಹೋಟೆಲು ಮುಚ್ಚಿದಾಗ ಉಳಿದವರೆಲ್ಲ ಪಾತ್ರೆ, ಮೇಜು ಹಂಚಿಕೊಂಡರು. ಇವಳು ಗಾಡಿ ತಂದಳು. ಸಯನ್‌ನ ನಮ್ಮ ಬಿಲ್ಡಿಂಗಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಕುರ್ಲಾದ ಇಸ್ಮಾಯಿಲ್ ಭಾಯಿಯ ಗ್ಯಾರೇಜಿನಲ್ಲಿ ಬಿಟ್ಟು, ಪ್ರತಿ ಭಾನುವಾರ ಅಲ್ಲಿಗೇ ಹೋಗತೊಡಗಿದಳು. ಅದನ್ನು ಕೆಸರಿನಲ್ಲಿ ಓಡಿಸುವ ಗಾಡಿಯಾಗಿ ಮಾಡಬೇಕೆಂಬುದು ಅವಳ ಆಸೆ.

"ಈ ಡಬ್ಬಾ ಗಾಡಿ ಮ್ಯಾಲ ಯಾಕಿಷ್ಟ ಜೀವಾ ನಿಂದು?" ಎಂದು ಧಾರವಾಡದವನಾದ ನಾನು ರೇಗಿಸುತ್ತಿದ್ದೆ.

"ನಿಮಗೆ ಗೊತ್ತಾಗುವುದಿಲ್ಲ ಮಾರಾಯ್ರೆ. ಒಮ್ಮೆ ಕೆಸರಿಗೆ ಇಳಿಸುವ, ಮತ್ತೆ ಹೇಳಿ," ಎನ್ನುತ್ತಿದ್ದಳು.

ಸ್ಪ್ರಿಂಗ್ ಬದಲಿಸಿ ಗಾಡಿಯನ್ನು ನಾಲ್ಕು ಬೆರಳು ಎತ್ತರಿಸಿದರು. ದಪ್ಪ ಹಲ್ಲಿನ ದೊಡ್ಡ ಟೈರುಗಳು ಬಂದವು. ಅವು ತಾಗದಂತೆ ಮಡ್‌ಗಾರ್ಡಿನ ಅಂಚು ಕತ್ತರಿಸಿದರು. ಎಂಜಿನ್ ನೀರು ಎಳೆದುಕೊಳ್ಳಬಾರದೆಂದು ಗಾಳಿಯ ಕೊಳವೆಯನ್ನು ಕ್ಯಾಬಿನ್ನಿನ ನೆತ್ತಿಯವರೆಗೆ ಏರಿಸಿದರು. ಗಾಡಿ ತಯಾರಾದ ಮೇಲೆ ಎರಡು ಮಳೆಗಾಲ ಕಳೆದವು. "ಈ ವರ್ಷ ಆದ್ರೂ ಹೋಗುವಾ ಅಲ್ವಾ?" ಎಂದು ಅವಳು ಕೇಳಿದಾಗಲೆಲ್ಲ ನನಗೆ ಆಫೀಸಿನ ಕೆಲಸ, ಇಲ್ಲವೇ ಸೊಂಟನೋವು. ಮೂರನೆಯ ಮಳೆಗಾಲಕ್ಕೆ ಮೊದಲೇ ಅವಳಿಗೆ ಕ್ಯಾನ್ಸರ್ ಎಂದು ತಿಳಿಯಿತು. ಮೇ ತಿಂಗಳಲ್ಲಿ ಹೋಗಿಬಿಟ್ಟಳು.

ಜುಲೈನಲ್ಲಿ ಗಾಡಿ ಮಾರಲು ನಿರ್ಧರಿಸಿ ಗ್ಯಾರೇಜಿಗೆ ಹೋದೆ. ಇಸ್ಮಾಯಿಲ್ ಭಾಯಿ, "ಬೇಚ್ ದೋ ಸಾಬ್. ಲೇಕಿನ್ ಏಕ್ ಬಾರ್ ಕೀಚಡ್ ಮೇಂ ಉತಾರೋ. ಭಾಭೀ ಕಾ ಬಹುತ್ ಮನ್ ಥಾ," ಎಂದರು. ಒಮ್ಮೆ ಕೆಸರಿಗೆ ಇಳಿಸಿ ಆಮೇಲೆ ಮಾರಿ, ಅವಳಿಗೆ ತುಂಬ ಮನಸ್ಸಿತ್ತು ಎಂಬ ಮಾತು. ಇದ್ದ ಒಂದೇ ಕೀಲಿಯನ್ನು ನನ್ನ ಕೈಗಿಟ್ಟರು.

ಮರುದಿನ ಭಾನುವಾರ. ಒಬ್ಬನೇ ಬದ್ಲಾಪುರ ದಾಟಿ, ಅವಳು ಎಂದೋ ಫೋನಿನಲ್ಲಿ ತೋರಿಸಿದ್ದ ಬೀಳು ನೆಲಕ್ಕೆ ಹೋದೆ. ಮಳೆ ಆಗಷ್ಟೇ ನಿಂತಿತ್ತು. ಇಪ್ಪತ್ತು ಮಾರು ಹೋಗುವುದರೊಳಗೆ ಗಾಡಿ ಹೂತುಹೋಯಿತು. ಹಿಂದಿನ ಚಕ್ರಗಳು ಸುಮ್ಮನೆ ತಿರುಗಿದವು, ಮುಂದಿನವು ಅಲುಗಲೇ ಇಲ್ಲ. ಆಗ ನೆನಪಾಯಿತು: ಈ ಹಳೆಯ ಗಾಡಿಯಲ್ಲಿ ಒಳಗಿನ ಲಿವರ್ ಎಳೆದರೆ ಸಾಲದು. ಕೆಳಗಿಳಿದು, ಮುಂದಿನ ಒಂದೊಂದು ಚಕ್ರದ ನಟ್ಟನಡುವೆ ಇರುವ ಬಿಲ್ಲೆಯನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕು. ಶೈಲಾ ಎಷ್ಟೋ ಸಲ ಹೇಳಿದ್ದಳು. ನಾನು ಪೇಪರ್ ಓದುತ್ತ ಹೂಂಗುಟ್ಟಿದ್ದೆ. ಕೆಸರಿಗೆ ಕೈ ಹಾಕಿ ತಿರುಗಿಸಿದೆ. ಎರಡೂ ಬಿಗಿದುಕೊಂಡಿದ್ದವು. ಅಂಗೈ ಕಿತ್ತು ರಕ್ತ ಬಂತೇ ಹೊರತು ಬಿಲ್ಲೆಗಳು ಜಗ್ಗಲಿಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತೆ. ಅವಳು ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ.

ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಗಾಡಿಗೆ ಬೀಗ ಹಾಕಿ, ಕೀಲಿ ಜೇಬಿಗಿಟ್ಟು ಹಳ್ಳಿಯ ಕಡೆ ನಡೆದೆ. ಒಂದು ಗಂಟೆಯ ಮೇಲೆ ಟ್ರ್ಯಾಕ್ಟರ್ ಹತ್ತಿ ಅದರ ಮಾಲೀಕನೊಂದಿಗೆ ಮರಳಿದೆ. ಇನ್ನೂ ಹಾಡುಹಗಲು.

"ಸಾಹೇಬ್, ಗಾಡಿ ತರ್ ಬಾಹೇರ್ ಆಹೆ! ಮಲಾ ಕಶಾಲಾ ಆಣಲಂ?" ಎಂದು ಅವನು ಸಿಡುಕಿದ. ಗಾಡಿ ಹೊರಗೇ ಇದೆಯಲ್ಲ, ನನ್ನನ್ನೇಕೆ ಕರೆತಂದಿರಿ ಎಂದು.

ಪಿಕಪ್ ಗಟ್ಟಿ ನೆಲದ ಮೇಲೆ ನಿಂತಿತ್ತು. ಅವನು ಗೊಣಗುತ್ತ ಹೋದ ಮೇಲೆ, ಕಚೇರಿಯ ಕೆಲಸದಂತೆಯೇ ಒಂದೊಂದನ್ನೇ ನೋಡಿದೆ. ಗುಂಡಿಯಿಂದ ಹೊರಬಂದದ್ದು ನಮ್ಮ ಗಾಡಿಯ ಟೈರಿನ ಗುರುತು ಮಾತ್ರ. ಮುಂದಿನ ಚಕ್ರಗಳೂ ನೆಲವನ್ನು ಕಚ್ಚಿ ಎಳೆದಿದ್ದವು. ಈಗ ಬಂದುಹೋದ ಟ್ರ್ಯಾಕ್ಟರ್ ಬಿಟ್ಟರೆ ಬೇರೆ ವಾಹನ ಬಂದಿರಲಿಲ್ಲ. ಗುಂಡಿಯ ಸುತ್ತ ಇದ್ದ ಹೆಜ್ಜೆಗಳು ನನ್ನವೇ. ಬಾಗಿಲಿಗೆ ಬೀಗ ಹಾಗೇ ಇತ್ತು. ಎರಡೂ ಬಿಲ್ಲೆಗಳು ಲಾಕ್ ಕಡೆಗೆ ತಿರುಗಿದ್ದವು. ಬಾಗಿಲು ತೆಗೆದು ಕೂತರೆ ಮೊಣಕಾಲು ಸ್ಟೀರಿಂಗಿಗೆ ಬಡಿಯಿತು. ಬೆಳಿಗ್ಗೆ ನಾನು ಹಿಂದಕ್ಕೆ ಸರಿಸಿದ್ದ ಸೀಟನ್ನು ಪೂರ್ತಿ ಮುಂದಕ್ಕೆ ಎಳೆಯಲಾಗಿತ್ತು. ನಾನು ಆರಡಿ ಎತ್ತರ. ಶೈಲಾ ನನ್ನ ಎದೆಯವರೆಗೆ ಬರುತ್ತಿದ್ದಳು.

ಇಸ್ಮಾಯಿಲ್ ಭಾಯಿಗೆ ಎಲ್ಲ ಹೇಳಿದೆ. ಅವರು ಬಿಲ್ಲೆಗಳನ್ನು ಮುಟ್ಟಿ ನೋಡಿ ಚಹಾ ತರಿಸಿದರು. ಗಾಡಿಯನ್ನು ಇನ್ನೂ ಮಾರಿಲ್ಲ. ಎಳೆತಕ್ಕೆ ಸೀಟು ತಾನೇ ಜಾರಿರಬಹುದು, ಬಿಲ್ಲೆ ನನ್ನ ಕೈಯಲ್ಲೇ ತಿರುಗಿದ್ದು ನನಗೆ ತಿಳಿಯದೆ ಹೋಗಿರಬಹುದು ಎಂದು ಎಷ್ಟೋ ಲೆಕ್ಕ ಹಾಕಿದ್ದೇನೆ. ಆದರೆ ಕೀಲಿ ನನ್ನ ಜೇಬಿನಲ್ಲಿದ್ದ ಗಾಡಿ ಗುಂಡಿಯಿಂದ ಎದ್ದು ಬಂದದ್ದು ಹೇಗೆ?

ಹೆದರಿಕೆಯೇನೂ ಆಗಲಿಲ್ಲ. ನನ್ನನ್ನು ಕಾಡುವುದೇ ಬೇರೆ. ಅವಳು ಬಂದಿದ್ದಳೆಂದು ನಾನು ಹೇಳಲಾರೆ. ಒಂದು ವೇಳೆ ಬಂದಿದ್ದರೆ, ಆಗಲೂ ನಾನು ಅವಳ ಪಕ್ಕದಲ್ಲಿ ಕೂತಿರಲಿಲ್ಲ.